ಮಾಸುವ ಬೆಳಕು

ಲೋಕದಲ್ಲಿ ಬಹುಪಾಲು ವಸ್ತುಗಳು ನೋಡಿದ ಮಾತ್ರಕ್ಕೆ ಸವೆಯುವುದಿಲ್ಲ. ಬೆಟ್ಟವನ್ನು ಸಾವಿರ ಜನರು ನೋಡಿದರೂ ಬೆಟ್ಟಕ್ಕೆ ಕುಂದಿಲ್ಲ. ದೇವಾಲಯದ ಶಿಲ್ಪವನ್ನು ತಲೆಮಾರುಗಳು ನೋಡಿದರೂ ಶಿಲ್ಪವು ದಣಿಯದು. ಆದಕಾರಣ ನೋಟವೆಂಬುದು ಯಾರಿಗೂ ಹಾನಿಯಿಲ್ಲದ ವ್ಯಾಪಾರವೆಂದು ಜನರು ಭಾವಿಸಿರುವರು. ಮನೆಯ ಹೆಂಗಸರು ಮಾತ್ರ ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ತಿಳಿದವರು. ಅರಿಸಿನದಲ್ಲಿ ಅದ್ದಿದ ಬಟ್ಟೆಯನ್ನು ಬಿಸಿಲಿನಲ್ಲಿ ಹರವಿದರೆ ಬಣ್ಣ ಹಾರಿಹೋಗುವುದೆಂದೂ, ನೆರಳಿನಲ್ಲಿ ಒಣಹಾಕಿದರೆ ಉಳಿಯುವುದೆಂದೂ ಅವರು ಬಲ್ಲರು. ಬಣ್ಣವನ್ನು ಕಣ್ಣಿಗೆ ತೋರಿಸುವುದೂ ಬೆಳಕು, ಬಣ್ಣವನ್ನು ಕೆಡಿಸುವುದೂ ಬೆಳಕು. ಈ ಗೃಹಜ್ಞಾನವು ಪ್ರಯೋಗಶಾಲೆಯ ಕತ್ತಲೆಯ ಕೋಣೆಯೊಂದರಲ್ಲಿ ಎಷ್ಟು ದೊಡ್ಡ ಚಿಂತೆಗೆ ಕಾರಣವಾಗಿರುವುದೆಂಬುದನ್ನು ವಿಚಾರ ಮಾಡತಕ್ಕದ್ದು.

ಅದೇ ಅರಿಸಿನವನ್ನು ಸ್ವಲ್ಪ ಸ್ಪಿರಿಟ್ಟಿನಲ್ಲಿ ಕದಡಿ, ತಿಳಿಯನ್ನು ಗಾಜಿನ ನಳಿಗೆಯಲ್ಲಿ ತೆಗೆದುಕೊಂಡು, ಕತ್ತಲೆಯಲ್ಲಿ ನೀಲಲೋಹಿತಾತೀತ ದೀಪದ ಮುಂದೆ ಹಿಡಿದರೆ, ಆ ಹಳದಿಯ ದ್ರವವು ಹಸುರುಛಾಯೆಯಿಂದ ತಾನೇ ಬೆಳಗತೊಡಗುವುದು. ಒಂದು ಬಗೆಯ ಕಿರಣವನ್ನು ನುಂಗಿ ಇನ್ನೊಂದು ಬಗೆಯ ಬೆಳಕನ್ನು ಹೊರಗೆ ಬಿಡುವ ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿದ್ದ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ಪಂಡಿತನು ಕ್ವಿನೀನ್ ದ್ರಾವಣ ಮೊದಲಾದುವುಗಳಲ್ಲಿ ಇದನ್ನು ಪರೀಕ್ಷಿಸಿ, ೧೮೫೨ರಲ್ಲಿ, ಫ್ಲೋರ್‌ಸ್ಪಾರ್ ಎಂಬ ಖನಿಜದ ಹೆಸರಿನಿಂದ ಫ್ಲೋರೆಸೆನ್ಸ್ ಎಂಬ ಪದವನ್ನು ಕಟ್ಟಿದನು. ೧೮೭೧ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬಾಯರನು ಫ್ಲೋರೆಸೀನ್ ಎಂಬ ಬಣ್ಣವನ್ನು ತಯಾರಿಸಿದನು. ನೀಲಿಯ ಬೆಳಕನ್ನು ಕುಡಿದು ಹಸುರನ್ನು ಸೂಸುವ ಈ ಬಣ್ಣವೂ ಇದರ ಸಂತತಿಯೂ ಇಂದಿಗೂ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿವೆ.

ಈ ಬಣ್ಣವನ್ನು ರೋಗವಿಜ್ಞಾನಕ್ಕೆ ಕಟ್ಟಿಕೊಟ್ಟವನು ಅಮೆರಿಕದ ವೈದ್ಯನಾದ ಆಲ್ಬರ್ಟ್ ಕೂನ್ಸ್. ೧೯೩೯ರಲ್ಲಿ ಅವನು ಬರ್ಲಿನ್ ನಗರಕ್ಕೆ ಹೋಗಿದ್ದಾಗ ಸಂಧಿವಾತಜ್ವರದಲ್ಲಿ ಹೃದಯದೊಳಗೆ ಕಾಣುವ ಗಂಟುಗಳನ್ನು ಕುರಿತು ಯೋಚಿಸುತ್ತಿದ್ದನು. ದೇಹವು ರೋಗದ ವಿರುದ್ಧ ಹುಟ್ಟಿಸುವ ಪ್ರತಿಕಾಯಗಳು ತಮ್ಮ ಶತ್ರುವನ್ನು ಹುಡುಕಿ ಹಿಡಿಯಬಲ್ಲವು. ಅಂತಹ ಪ್ರತಿಕಾಯಕ್ಕೆ ಬೆಳಗುವ ಬಣ್ಣವನ್ನು ಕಟ್ಟಿ ಕಳುಹಿಸಿದರೆ, ಅದು ಎಲ್ಲಿ ಹೋಗಿ ಕುಳಿತಿತೆಂಬುದು ಸೂಕ್ಷ್ಮದರ್ಶಕದಲ್ಲಿ ಕಾಣಬೇಕಲ್ಲವೆ? ಈ ಆಲೋಚನೆಯನ್ನು ಅವನೂ ಅವನ ಸಹಾಯಕರೂ ೧೯೪೧ರಲ್ಲಿ ಸಾಧಿಸಿ ತೋರಿಸಿದರು. ಮೊದಲು ಅವರು ಕಟ್ಟಿದ ಬಣ್ಣವು ನೀಲಿಯಾಗಿ ಬೆಳಗುತ್ತಿದ್ದಿತು. ಆದರೆ ಪ್ರಾಣಿಯ ಅಂಗಾಂಶಕ್ಕೇ ಸಹಜವಾಗಿ ಒಂದು ನೀಲಛಾಯೆಯ ಬೆಳಕುಂಟು. ಮನೆಯ ದೀಪ ಯಾವುದು, ನೆರೆಮನೆಯ ದೀಪ ಯಾವುದು ಎಂದು ತಿಳಿಯದಂತಾಯಿತು. ಅದರಿಂದ ೧೯೪೨ರಲ್ಲಿ ಅವರು ಹಸುರಾಗಿ ಬೆಳಗುವ ಫ್ಲೋರೆಸೀನಿಗೆ ತಿರುಗಿದರು. ಹೀಗೆ ಈ ವಿದ್ಯೆಯಲ್ಲಿ ಹುಟ್ಟಿನಿಂದಲೇ ಆಯ್ಕೆಯೆಂಬುದು ದೊಡ್ಡ ಕೆಲಸವಾಗಿದೆ.

ಈಗ ಬಣ್ಣವು ಮಾಸುವ ಬಗೆಯನ್ನು ನೋಡಬಹುದು. ಬಣ್ಣದ ಅಣುವೊಂದು ಬೆಳಕನ್ನು ನುಂಗಿದೊಡನೆ ಉದ್ರಿಕ್ತವಾಗುವುದು. ಸಾಮಾನ್ಯವಾಗಿ ಅದು ಸೆಕೆಂಡಿನ ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಮೆ ಕಾಲದಲ್ಲಿ ಆ ಶಕ್ತಿಯನ್ನು ಬೆಳಕಾಗಿ ಹೊರಗೆ ಚೆಲ್ಲಿ ಶಾಂತವಾಗುತ್ತದೆ. ಆದರೆ ಒಮ್ಮೊಮ್ಮೆ ಅದು ಹೀಗೆ ಇಳಿಯದೆ, ಟ್ರಿಪ್ಲೆಟ್ ಎಂದು ಹೆಸರಾದ ಬೇರೊಂದು ಉದ್ರಿಕ್ತ ಸ್ಥಿತಿಯಲ್ಲಿ ಸಿಕ್ಕಿಬೀಳುವುದು. ಈ ಸ್ಥಿತಿಯು ಮೊದಲಿನದಕ್ಕಿಂತ ಸಾವಿರಾರು ಪಾಲು ದೀರ್ಘವಾದುದು. ಆ ಅವಧಿಯಲ್ಲಿ ಸುತ್ತಲಿನ ಆಮ್ಲಜನಕವು ಬಂದು ತಗುಲಿದರೆ, ಆಮ್ಲಜನಕವೇ ಉಗ್ರರೂಪವನ್ನು ತಾಳಿ ಬಣ್ಣದ ಅಣುವನ್ನು ಮುರಿಯುತ್ತದೆ. ಮುರಿದ ಅಣು ಮತ್ತೆ ಬೆಳಗದು. ಫ್ಲೋರೆಸೀನಿನ ಒಂದು ಅಣುವು ಹೀಗೆ ನಾಶವಾಗುವುದಕ್ಕೆ ಮುಂಚೆ ಸುಮಾರು ೩೦,೦೦೦ದಿಂದ ೪೦,೦೦೦ ಬೆಳಕಿನ ಕಣಗಳನ್ನು ಸೂಸುವುದೆಂದು ಲೆಕ್ಕಹಾಕಿರುವರು. ಕೇಳುವುದಕ್ಕೆ ಇದು ದೊಡ್ಡ ಸಂಖ್ಯೆ. ಆದರೆ ಸೂಕ್ಷ್ಮದರ್ಶಕದ ಪ್ರಖರವಾದ ದೀಪದ ಕೆಳಗೆ ಈ ಆಯುಷ್ಯವು ಕೆಲವು ನಿಮಿಷಗಳಲ್ಲಿ, ಕೆಲವೊಮ್ಮೆ ಕೆಲವು ಸೆಕೆಂಡುಗಳಲ್ಲಿಯೇ, ಮುಗಿದುಹೋಗಬಹುದು. ನೋಡುವವನು ಕಣ್ಣಿಟ್ಟು ನೋಡುತ್ತಿರುವಂತೆಯೇ ಹಸುರು ನಕ್ಷತ್ರಗಳಂತಿದ್ದ ಚುಕ್ಕೆಗಳು ಮಂಕಾಗಿ, ಬೂದಿಯಾಗಿ, ಕತ್ತಲೆಯಲ್ಲಿ ಕರಗುವುವು.

ಇದನ್ನು ತಡೆಯುವ ಉಪಾಯಗಳಲ್ಲಿ ಒಂದು ಹನಿ ದ್ರವದ ಆಯ್ಕೆಯೂ ಸೇರಿದೆ. ಅಂಗಾಂಶದ ತೆಳುವಾದ ಚೂರನ್ನು ಗಾಜಿನ ಸ್ಲೈಡಿನ ಮೇಲಿಟ್ಟು, ಬಣ್ಣ ಹಾಕಿ ತೊಳೆದ ಮೇಲೆ, ಅದರ ಮೇಲೆ ಒಂದು ಹನಿಯನ್ನು ಬಿಟ್ಟು, ಕವರ್‌ಸ್ಲಿಪ್ ಎಂಬ ತೆಳುಗಾಜನ್ನು ಮುಚ್ಚುವರು. ಆ ಗಾಜಿನ ದಪ್ಪವು ೦.೧೭ ಮಿಲಿಮೀಟರು. ಎರಡು ಗಾಜುಗಳ ನಡುವೆ ಮಾದರಿಯನ್ನು ಹುದುಗಿಸಿಡುವ ಈ ಹನಿಗೆ ಇಂಗ್ಲಿಷಿನಲ್ಲಿ ಮೌಂಟಿಂಗ್ ಮೀಡಿಯಂ ಎಂದು ಹೆಸರು. ಇಲ್ಲಿ ಮಾಧ್ಯಮವೆಂದು ಕರೆದರೆ ಸಾಕು. ಮೂರು ಕೆಲಸಗಳನ್ನು ಅದು ಏಕಕಾಲದಲ್ಲಿ ಮಾಡಬೇಕು: ಮಾದರಿಯನ್ನು ಅಲುಗದಂತೆ ಹಿಡಿದಿರಬೇಕು, ಬೆಳಕು ಡೊಂಕಾಗದೆ ಮಸೂರವನ್ನು ಸೇರುವಂತೆ ದಾರಿಕೊಡಬೇಕು, ಬಣ್ಣವು ಮಾಸದಂತೆ ಕಾಯಬೇಕು. ಒಬ್ಬನೇ ಆಳು ಅಡುಗೆಯನ್ನೂ ಮಾಡಿ, ಲೆಕ್ಕವನ್ನೂ ಬರೆದು, ರಾತ್ರಿ ಕಾವಲನ್ನೂ ಕಾಯಬೇಕೆಂದರೆ ಯಾವುದಾದರೊಂದು ಕೆಲಸ ಸೊರಗುವಂತೆ, ಈ ಮೂರೂ ಪೂರ್ಣವಾಗಿ ಒಂದೇ ಮಾಧ್ಯಮದಲ್ಲಿ ಕೂಡಿಬರುವುದು ದುರ್ಲಭ.

ಹಳೆಯ ಕಾಲದ ಸೂಕ್ಷ್ಮದರ್ಶಕರಿಗೆ ಕೆನಡಾ ಬಾಲ್ಸಂ ಎಂಬ ಮರದ ರಾಳವು ಪ್ರಿಯವಾಗಿದ್ದಿತು. ಅದು ಒಣಗಿ ಗಟ್ಟಿಯಾಗುವುದು. ಅದರ ವಕ್ರೀಭವನಾಂಕವು ಗಾಜಿನದಕ್ಕೆ ಬಹಳ ಸಮೀಪವಾದುದು. ನೂರು ವರ್ಷಗಳ ಹಿಂದಿನ ಸ್ಲೈಡುಗಳು ಅದರಲ್ಲಿ ಇಂದಿಗೂ ಭದ್ರವಾಗಿವೆ. ಆದರೆ ಪ್ರತಿದೀಪ್ತಿಯ ಕೆಲಸಕ್ಕೆ ಅದು ಒಗ್ಗಲಿಲ್ಲ. ರಾಳವು ತಾನೇ ಸ್ವಲ್ಪ ಬೆಳಗುವುದರಿಂದ ಹಿನ್ನೆಲೆಯು ಮಬ್ಬಾಗುತ್ತದೆ. ಅದನ್ನು ಹಾಕುವುದಕ್ಕೆ ಮುಂಚೆ ಮಾದರಿಯ ನೀರನ್ನೆಲ್ಲ ಮದ್ಯಸಾರದಿಂದಲೂ ಝೈಲೀನಿನಿಂದಲೂ ತೆಗೆಯಬೇಕಾಗುವುದು. ಆ ಸಂಸ್ಕಾರವನ್ನು ಕೆಲವು ಬಣ್ಣಗಳು ಸಹಿಸಲಾರವು. ಆದ್ದರಿಂದ ನೀರಿನೊಡನೆ ಬೆರೆಯುವ ಗ್ಲಿಸರಿನ್ನಿಗೆ ಜನರು ತಿರುಗಿದರು. ಒಂಬತ್ತು ಪಾಲು ಗ್ಲಿಸರಿನ್, ಒಂದು ಪಾಲು ಕ್ಷಾರಗುಣದ ಲವಣದ್ರಾವಣ: ಇದೇ ಅನೇಕ ವರ್ಷಗಳ ವಾಡಿಕೆಯ ಪಾಕವಾಗಿದ್ದಿತು. ಕ್ಷಾರಗುಣವು ಬೇಕಾದುದು ಫ್ಲೋರೆಸೀನಿನ ಸ್ವಭಾವದ ದೆಸೆಯಿಂದ. ಹುಳಿಯ ಕಡೆಗೆ ವಾಲಿದರೆ ಅದು ಮಂಕಾಗುವುದು, ಪಿಎಚ್ ಎಂಟುವರೆಯ ಆಸುಪಾಸಿನಲ್ಲಿ ಚೆನ್ನಾಗಿ ಬೆಳಗುವುದು. ೧೯೬೦ರಲ್ಲಿ, ಗ್ಲಿಸರಿನ್ನಿಗೆ ಪಾಲಿವಿನೈಲ್ ಆಲ್ಕೊಹಾಲ್ ಎಂಬ ಗೋಂದನ್ನು ಸೇರಿಸಿ, ತಾನೇ ಗಟ್ಟಿಯಾಗುವ ಮಾಧ್ಯಮವನ್ನೂ ಇಬ್ಬರು ಸಂಶೋಧಕರು ಪ್ರಕಟಿಸಿದರು. ಆದರೆ ಈ ಎರಡು ಪಾಕಗಳಲ್ಲಿಯೂ ಕಾವಲುಗಾರನು ಇರಲಿಲ್ಲ. ಬಣ್ಣವು ಮಾಸುವುದು ನಿಲ್ಲಲಿಲ್ಲ.

ಕಾವಲುಗಾರರು ಬಂದುದು ೧೯೮೧ರಿಂದ ಈಚೆಗೆ. ಆ ವರ್ಷ ಪ್ಯಾರಾ-ಫಿನೈಲೀನ್‌ಡೈಅಮೀನ್ ಎಂಬ ವಸ್ತುವನ್ನು ಗ್ಲಿಸರಿನ್ನಿಗೆ ಅಲ್ಪಪ್ರಮಾಣದಲ್ಲಿ ಸೇರಿಸಿದರೆ ಮಾಸುವಿಕೆಯು ಬಹಳ ತಗ್ಗುವುದೆಂದು ಪ್ರಕಟವಾಯಿತು. ೧೯೮೨ರಲ್ಲಿ ಪ್ರೊಪೈಲ್ ಗ್ಯಾಲೇಟ್, ಅದೇ ಸುಮಾರಿನಲ್ಲಿ ಡಾಬ್ಕೊ ಎಂಬ ಇನ್ನೆರಡು ವಸ್ತುಗಳು ಬಂದುವು. ಈ ಹೆಸರುಗಳನ್ನು ಕೇಳಿ ವಾಚಕರು ಹೆದರಬೇಕಾದುದಿಲ್ಲ. ಪ್ಯಾರಾ-ಫಿನೈಲೀನ್‌ಡೈಅಮೀನ್ ಎಂಬುದು ನರೆಗೂದಲಿಗೆ ಹಚ್ಚುವ ಕಪ್ಪುಬಣ್ಣದಲ್ಲಿರುವ ಮುಖ್ಯವಸ್ತು. ಪ್ರೊಪೈಲ್ ಗ್ಯಾಲೇಟ್ ಎಂಬುದು ಎಣ್ಣೆಕೊಬ್ಬುಗಳು ಕಮಟಾಗದಂತೆ ಸೇರಿಸುವ ಪದಾರ್ಥ. ಡಾಬ್ಕೊವು ಹಾಸಿಗೆಗೂ ಕುರ್ಚಿಗೂ ತುಂಬುವ ಪಾಲಿಯುರಿಥೇನ್ ನೊರೆಯ ತಯಾರಿಕೆಯಲ್ಲಿ ಬಳಸತಕ್ಕದ್ದು. ಗ್ಲಿಸರಿನ್ನಾದರೋ ಸಾಬೂನಿನ ಕಾರ್ಖಾನೆಯಲ್ಲಿ ಸಿಕ್ಕುವ ಪದಾರ್ಥ. ಜೀವಕೋಶದ ಅಂತರಂಗವನ್ನು ಕಾಯುವ ಮಹಾವಸ್ತುವು ಕ್ಷೌರಿಕನ ಅಂಗಡಿ, ಎಣ್ಣೆಯ ಗಾಣ, ಹಾಸಿಗೆಯ ಕಾರ್ಖಾನೆ, ಸಾಬೂನಿನ ಬಾಣಲೆ ಇವುಗಳ ನೆಂಟನೆಂಬುದು ಸಂತೋಷದ ವಿಷಯವೇ ಸರಿ. ಈ ವಸ್ತುಗಳ ಕೆಲಸವೂ ಅಷ್ಟೇ ಸರಳವಾದುದು. ಉಗ್ರವಾದ ಆಮ್ಲಜನಕವನ್ನೋ, ಅದರಿಂದ ಹುಟ್ಟುವ ಪುಂಡ ಅಣುಗಳನ್ನೋ ತಾವು ಎದುರಿಸಿ ತಣಿಸುವುವು. ಬಣ್ಣದ ಮೇಲೆ ಬೀಳಬೇಕಾದ ಏಟನ್ನು ತಮ್ಮ ಮೈಮೇಲೆ ತೆಗೆದುಕೊಳ್ಳುವುವು.

ಆದರೆ ಕಾವಲುಗಾರರಿಗೂ ದೋಷಗಳುಂಟು. ಪ್ಯಾರಾ-ಫಿನೈಲೀನ್‌ಡೈಅಮೀನು ಮೂವರಲ್ಲಿ ಬಲಶಾಲಿಯೆಂದು ಹೆಸರು ಪಡೆದುದು. ಆದರೆ ಗಾಳಿಬೆಳಕುಗಳಿಗೆ ಸಿಕ್ಕಿದರೆ ತಾನೇ ಕಂದುಬಣ್ಣಕ್ಕೆ ತಿರುಗಿ ಹಿನ್ನೆಲೆಯನ್ನು ಕೆಡಿಸುವುದು. ಅದನ್ನು ಸೊನ್ನೆಗಿಂತ ೨೦ ಡಿಗ್ರಿ ಕೆಳಗಿನ ಶೈತ್ಯದಲ್ಲಿ, ಕತ್ತಲೆಯಲ್ಲಿ ಇಡಬೇಕು. ಚರ್ಮಕ್ಕೆ ತಗುಲಿದರೆ ಕೆಲವರಿಗೆ ತುರಿಕಜ್ಜಿಯನ್ನು ತರುವುದು. ಕೂದಲ ಬಣ್ಣದಿಂದ ಮುಖ ಊದಿಸಿಕೊಂಡವರು ಇದನ್ನು ಬಲ್ಲರು. ಸೈ ಟೂ ಎಂಬ ಹಸುರು ಬಣ್ಣದೊಡನೆ ಅದಕ್ಕೆ ಹಗೆತನ. ಎರಡನ್ನೂ ಒಂದೇ ಸ್ಲೈಡಿನಲ್ಲಿ ಕೂಡಿಹಾಕಿಟ್ಟರೆ ಬೆಳಕು ಕುಗ್ಗಿ ಹರಡಿಹೋಗುವುದು. ಪ್ರೊಪೈಲ್ ಗ್ಯಾಲೇಟು ಅಷ್ಟು ಕ್ರೂರವಲ್ಲ. ಆದರೆ ಗ್ಲಿಸರಿನ್ನಿನಲ್ಲಿ ಕರಗುವುದಕ್ಕೆ ಬಹಳ ಹೊತ್ತು ಹಿಡಿಯುವುದು, ಮೊದಲ ಹೊಳಪನ್ನೂ ಸ್ವಲ್ಪ ತಗ್ಗಿಸುವುದು. ಡಾಬ್ಕೊ ಸೌಮ್ಯವಾದುದು, ಅಗ್ಗವಾದುದು, ಬಹುಕಾಲ ಕೆಡದೆ ಇರುವುದು. ಆದರೆ ಅದರ ಕಾವಲು ಮೊದಲನೆಯದರಷ್ಟು ಬಿಗಿಯಲ್ಲ. ಹೀಗಿರುವಲ್ಲಿ ಯಾವುದು ಉತ್ತಮವೆಂದು ಕೇಳುವ ಪ್ರಶ್ನೆಯು, ಪ್ರಯಾಣಕ್ಕೆ ಯಾವ ವಾಹನವು ಉತ್ತಮವೆಂದು ಊರಿನ ಹೆಸರನ್ನು ಹೇಳದೆ ಕೇಳಿದಂತಾಗುವುದು.

ಈ ಮಾತು ಪುಸ್ತಕದ ಮಾತಾಗಿ ಉಳಿಯದಂತೆ, ಕನ್ನಡನಾಡಿನ ನಗರವೊಂದರ ಆಸ್ಪತ್ರೆಯ ಪ್ರಯೋಗಶಾಲೆಯನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿ ಒಬ್ಬ ಹೆಣ್ಣುಮಗಳು ಚರ್ಮದ ಚೂರುಗಳಿಗೆ ಬಣ್ಣ ಹಾಕುವ ಕೆಲಸದಲ್ಲಿರುವಳು. ಒಂದು ಶುಕ್ರವಾರ ಅವಳ ಮುಂದೆ ಕೊತ್ತಂಬರಿ ಬೀಜದಷ್ಟು ದೊಡ್ಡದಾದ ಒಂದು ಚೂರು ಬಂದಿರುವುದು. ಅದು ಒಬ್ಬ ಬಡ ರೈತಗಿತ್ತಿಯ ಚರ್ಮ. ಆಕೆಗೆ ತಿಂಗಳುಗಳಿಂದ ಬಾಯೊಳಗೆ ಹುಣ್ಣು. ಈಗ ಬೆನ್ನಿನ ಮೇಲೆ ನೀರುಗುಳ್ಳೆಗಳೆದ್ದು ಒಡೆಯುತ್ತಿವೆ. ಅನ್ನ ನುಂಗುವುದೂ ಕಷ್ಟವಾಗಿದೆ. ಪೆಂಫಿಗಸ್ ಇರಬಹುದೆಂದು ವೈದ್ಯರ ಸಂಶಯ.

ಪೆಂಫಿಗಸ್ ಎಂಬುದು ವಿಚಿತ್ರವಾದ ರೋಗ. ಚರ್ಮದ ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯ ಗೋಡೆಯಂತೆ ನಿಂತಿರುವುವು. ದೇಹವನ್ನು ಕಾಯಬೇಕಾದ ಪ್ರತಿಕಾಯಗಳೇ ತಪ್ಪುತಿಳಿದು ಆ ಇಟ್ಟಿಗೆಗಳ ನಡುವಣ ಗಾರೆಯನ್ನು ಕೆದರತೊಡಗಿದರೆ ಗೋಡೆಯು ಸಡಿಲವಾಗಿ, ನೀರು ತುಂಬಿ, ಗುಳ್ಳೆಯೇಳುವುದು. ೧೯೬೪ರಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಅರ್ನೆಸ್ಟ್ ಬಾಯ್ಟ್ನರ್ ಮತ್ತು ರಾಬರ್ಟ್ ಜಾರ್ಡನ್ ಎಂಬವರು ಕೂನ್ಸನ ವಿದ್ಯೆಯನ್ನೇ ಹಿಡಿದು ಈ ರೋಗಿಗಳ ರಕ್ತದಲ್ಲಿ ಅಂತಹ ಪ್ರತಿಕಾಯಗಳನ್ನು ಕಂಡುಹಿಡಿದರು. ಸ್ಟೀರಾಯಿಡ್ ಔಷಧಗಳು ಬರುವುದಕ್ಕೆ ಮುಂಚೆ ಈ ರೋಗ ಬಂದವರು ಬದುಕುವುದು ಅಪರೂಪವಾಗಿದ್ದಿತು. ಇಂದು ಚಿಕಿತ್ಸೆಯುಂಟು, ಆದರೆ ಅದು ಬಲವಾದ ಚಿಕಿತ್ಸೆ. ಸಕ್ಕರೆರೋಗ, ಮೂಳೆಯ ಸವೆತ, ಸೋಂಕು ಇವುಗಳನ್ನು ಬೆನ್ನಿಗೆ ಕಟ್ಟಿಕೊಂಡು ಬರತಕ್ಕದ್ದು. ಗುಳ್ಳೆಯೇಳಿಸುವ ಬೇರೆ ರೋಗಗಳೂ ಇರುವುದರಿಂದ ರೋಗವನ್ನು ಖಚಿತಪಡಿಸಿಕೊಳ್ಳದೆ ಅದನ್ನು ವರ್ಷಗಟ್ಟಲೆ ನಡೆಸುವುದು ಸಲ್ಲದು. ಚಿಕಿತ್ಸೆಯನ್ನು ಆರಂಭಿಸಿ ರೋಗವು ತಗ್ಗಿದ ಮೇಲೆ ಚರ್ಮದಲ್ಲಿನ ಸಾಕ್ಷ್ಯವೂ ತಗ್ಗಬಹುದು. ಹಾಗಾಗಿ ಆ ಶುಕ್ರವಾರದ ಚೂರಿಗೆ ಸಮನಾದ ಇನ್ನೊಂದು ಚೂರು ಮುಂದೆ ದೊರೆಯುವುದೆಂದು ನಂಬುವಂತಿಲ್ಲ.

ಅವಳು ಚೂರನ್ನು ಹೆಪ್ಪುಗಟ್ಟಿಸಿ, ನಾಲ್ಕೈದು ಮೈಕ್ರಾನ್ ತೆಳುವಾಗಿ ಹೆರೆದು, ಮಾನವ ಪ್ರತಿಕಾಯವನ್ನು ಹಿಡಿಯುವ ಫ್ಲೋರೆಸೀನ್ ಕಟ್ಟಿದ ದ್ರವವನ್ನು ಹಾಕಿ, ತೊಳೆದಿರುವಳು. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಇನ್ನು ಮಾಧ್ಯಮದ ಹನಿಯೊಂದು ಉಳಿದಿದೆ. ಕಪಾಟಿನಲ್ಲಿ ನಾಲ್ಕು ಸೀಸೆಗಳು: ಬರಿಯ ಕ್ಷಾರ ಗ್ಲಿಸರಿನ್, ಡಾಬ್ಕೊ ಸೇರಿಸಿದ ಗ್ಲಿಸರಿನ್, ಕಂದುಬಣ್ಣಕ್ಕೆ ತಿರುಗಿದ ಪ್ಯಾರಾ-ಫಿನೈಲೀನ್‌ಡೈಅಮೀನಿನ ಹಳೆಯ ಸೀಸೆ, ವಿದೇಶದಿಂದ ತರಿಸಿದ, ಗಟ್ಟಿಯಾಗುವ, ಬೆಲೆಬಾಳುವ ಒಂದು ಮಾಧ್ಯಮ. ಸ್ಲೈಡನ್ನು ಓದಿ ತೀರ್ಪು ಹೇಳಬೇಕಾದ ಹಿರಿಯ ವೈದ್ಯರು ಪರಸ್ಥಳಕ್ಕೆ ಹೋಗಿರುವರು, ಬರುವುದು ಬುಧವಾರ. ದೂರವಾಣಿಯಲ್ಲಿ ಅವರು, “ನಾನು ಬಂದ ಮೇಲೆ ನೋಡುವೆನಮ್ಮ, ಅಲ್ಲಿಯವರೆಗೆ ಅದು ಉಳಿಯುವಂತೆ ಮಾಡು” ಎಂದಷ್ಟೇ ಹೇಳಿದರು. “ಆಗಲಿ ಸಾರ್, ಇವೊತ್ತೇ ಚಿತ್ರವನ್ನೂ ತೆಗೆದಿಡುವೆನು” ಎಂದು ಅವಳು ಉತ್ತರವಿತ್ತಳು.

ಅವಳ ವಿಚಾರವು ನಡೆದ ಬಗೆಯನ್ನು ಗಮನಿಸಬೇಕು. ಕಂದಿದ ಸೀಸೆಯನ್ನು ಅವಳು ಮೊದಲು ಬದಿಗಿಟ್ಟಳು. ಕಾವಲುಗಾರನೇ ಕೆಟ್ಟಿರುವಾಗ ಕಾವಲಿನ ಮಾತೇಕೆ? ಬೆಲೆಬಾಳುವ ಮಾಧ್ಯಮವು ಗಾಜಿಗೆ ಸಮನಾದ ವಕ್ರೀಭವನಾಂಕವನ್ನು ಕೊಡುವುದು ನಿಜ. ಆದರೆ ಮಾದರಿಯು ನಾಲ್ಕೈದು ಮೈಕ್ರಾನಿನದು, ಕವರ್‌ಸ್ಲಿಪ್ಪಿಗೆ ಅಂಟಿದಂತೆಯೇ ಇರುವುದು. ಅಷ್ಟು ತೆಳುವಿನಲ್ಲಿ ಬೆಳಕು ಡೊಂಕಾಗುವುದಕ್ಕೆ ಎಡೆಯೇ ಇಲ್ಲ. ಅದು ಗಟ್ಟಿಯಾಗುವುದಕ್ಕೆ ಒಂದು ಹಗಲು ಒಂದು ರಾತ್ರಿ ಕಾಯಬೇಕು. ಚಿತ್ರವಾದರೋ ಈ ಹೊತ್ತೇ ಬೇಕು. ಬರಿಯ ಗ್ಲಿಸರಿನ್ನು ಈ ಹೊತ್ತಿಗೆ ಎಲ್ಲಕ್ಕಿಂತಲೂ ಹೊಳೆಯಬಹುದು. ಆದರೆ ಚಿತ್ರ ತೆಗೆಯುವಾಗಲೇ ಅರ್ಧ ಆಯುಷ್ಯವನ್ನು ಕಳೆದುಕೊಂಡರೆ ಬುಧವಾರಕ್ಕೆ ಏನು ಉಳಿದೀತು? ಹೀಗೆಂದು ಅವಳು ಡಾಬ್ಕೊ ಇದ್ದ ಸೀಸೆಯನ್ನು ತೆಗೆದುಕೊಂಡಳು. ಆದರೂ ನೇರವಾಗಿ ರೋಗಿಯ ಚೂರಿನ ಮೇಲೆ ಹಾಕಲಿಲ್ಲ. ರೋಗವು ಮೊದಲೇ ಖಚಿತವಾಗಿದ್ದ ಹಳೆಯ ಮಾದರಿಯೊಂದರ ಉಳಿದ ಚೂರುಗಳನ್ನು ಅದೇ ದ್ರವದಿಂದ ಬೆಳಗಿಸಿ, ಒಂದಕ್ಕೆ ಬರಿಯ ಗ್ಲಿಸರಿನ್ನನ್ನೂ ಇನ್ನೊಂದಕ್ಕೆ ಡಾಬ್ಕೊವನ್ನೂ ಹಾಕಿ, ಎರಡನ್ನೂ ಒಂದೇ ದೀಪದ ಕೆಳಗೆ ಒಂದೇ ಅವಧಿಯವರೆಗೆ ಇಟ್ಟು ನೋಡಿದಳು. ಬಣ್ಣವನ್ನು ಹಾಕದೆ ಬರಿಯ ಮಾಧ್ಯಮವನ್ನಷ್ಟೇ ಹಾಕಿದ ಮೂರನೆಯ ಸ್ಲೈಡೂ ಇದ್ದಿತು; ಮಾಧ್ಯಮವು ತಾನೇ ಬೆಳಗಿ ಸುಳ್ಳು ಸಾಕ್ಷಿ ಹೇಳುವುದೋ ಇಲ್ಲವೋ ಎಂದು ತಿಳಿಯುವುದಕ್ಕಾಗಿ.

ಇದರಲ್ಲಿ ಒಂದು ತಂತ್ರವು ಅಡಗಿದೆ. ಮಾಧ್ಯಮಗಳನ್ನು ಹೋಲಿಸುವವರು ಅನೇಕರು ಮೊದಲ ನೋಟದ ಹೊಳಪಿಗೆ ಮರುಳಾಗುವರು. ಮೊದಲ ಕ್ಷಣದಲ್ಲಿ ಹೆಚ್ಚು ಹೊಳೆದುದು ಅರ್ಧ ನಿಮಿಷದ ಬಳಿಕ ಹಿಂದೆ ಬೀಳಬಹುದು; ಮೊದಲು ಸ್ವಲ್ಪ ಮಂಕಾಗಿದ್ದುದು ಕೊನೆಯವರೆಗೆ ಹಾಗೆಯೇ ನಿಲ್ಲಬಹುದು. ಮದುವೆಯ ಮನೆಯ ದೀಪವನ್ನು ಮೊದಲ ಜಾವದಲ್ಲಿ ನೋಡಿದರೆ ಸಾಲದು, ಕಡೆಯ ಜಾವದಲ್ಲಿಯೂ ನೋಡಬೇಕು. ಬೇಕಾದುದು ಒಂದೇ ಒಂದು ಚಿತ್ರವಾಗಿದ್ದರೆ ಮೊದಲ ಹೊಳಪೇ ಮುಖ್ಯ. ಒಂದೇ ಚೂರನ್ನು ಹಲವು ಆಳಗಳಲ್ಲಿ ಮತ್ತೆ ಮತ್ತೆ ನೋಡಬೇಕಾಗಿದ್ದರೆ ನಿಲುಗಡೆಯೇ ಮುಖ್ಯ. ಎರಡು ಸ್ಲೈಡುಗಳ ಬೆಳಕನ್ನು ಅಳೆದು ಯಾವುದರಲ್ಲಿ ಹೆಚ್ಚೆಂದು ಹೇಳಬೇಕಾದಲ್ಲಿ ಎರಡಕ್ಕೂ ಒಂದೇ ಮಾಧ್ಯಮ, ಒಂದೇ ದಿನದ ಪಾಕ, ಒಂದೇ ಅವಧಿಯ ದೀಪ ಇರಲೇಬೇಕು. ಇಲ್ಲವಾದರೆ ಅಳೆದುದು ರೋಗವನ್ನೋ ಗ್ಲಿಸರಿನ್ನನ್ನೋ ಎಂಬುದು ತಿಳಿಯದು.

ಅವಳು ರೋಗಿಯ ಚೂರಿಗೆ ಡಾಬ್ಕೊದ ಹನಿಯನ್ನು ಬಿಟ್ಟು, ಗುಳ್ಳೆ ಸೇರದಂತೆ ಕವರ್‌ಸ್ಲಿಪ್ಪನ್ನು ಓರೆಯಾಗಿ ಇಳಿಸಿ, ಹೆಚ್ಚಿನ ದ್ರವವನ್ನು ಹೀರುಕಾಗದದಿಂದ ತೆಗೆದು, ಅಂಚುಗಳಿಗೆ ಉಗುರುಬಣ್ಣವನ್ನು ಬಳಿದಳು. ಗ್ಲಿಸರಿನ್ ಗಟ್ಟಿಯಾಗುವುದಿಲ್ಲವಾದುದರಿಂದ ಅಂಚನ್ನು ಮುಚ್ಚದಿದ್ದರೆ ಗಾಜು ಜಾರುವುದು. ಬಳಿಕ ದೀಪವನ್ನು ತಗ್ಗಿಸಿ, ಚೂರಿನ ಒಂದು ಮೂಲೆಯಲ್ಲಿ ನೋಟವನ್ನು ಸರಿಪಡಿಸಿಕೊಂಡು, ಆಮೇಲೆ ನಡುವಿಗೆ ಸರಿದು ಚಿತ್ರವನ್ನು ತೆಗೆದಳು. ನೋಡದಿರುವಾಗಲೆಲ್ಲ ದೀಪದ ಬಾಗಿಲನ್ನು ಮುಚ್ಚಿದಳು. ಚಿತ್ರದಲ್ಲಿ ಜೀವಕೋಶಗಳ ಸುತ್ತ ಹಸುರಾದ ಗೆರೆಗಳು ಮೀನಿನ ಬಲೆಯಂತೆ ಹೆಣೆದುಕೊಂಡಿದ್ದುವು. ಅದೇ ಪೆಂಫಿಗಸ್ಸಿನ ಲಕ್ಷಣ. ಸ್ಲೈಡನ್ನು ನಾಲ್ಕು ಡಿಗ್ರಿಯ ಶೈತ್ಯದಲ್ಲಿ, ಕತ್ತಲೆಯ ಪೆಟ್ಟಿಗೆಯಲ್ಲಿಟ್ಟಳು. ಬುಧವಾರ ಹಿರಿಯರು ಬಂದು ನೋಡಿದಾಗ ಬಲೆಯು ಸ್ವಲ್ಪ ತೆಳುವಾಗಿದ್ದರೂ ಓದುವಂತಿದ್ದಿತು. ಬರಿಯ ಗ್ಲಿಸರಿನ್ನಿನಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಸ್ಲೈಡಿನಲ್ಲಿ, ದೀಪ ಬಿದ್ದಿದ್ದ ಎಡೆಯು ಕಪ್ಪಾದ ವೃತ್ತವಾಗಿ ಕಾಣುತ್ತಿದ್ದಿತು. ರೈತಗಿತ್ತಿಗೆ ಚಿಕಿತ್ಸೆ ಆರಂಭವಾಯಿತು. ಈ ಹನಿಗಳ ವಿಚಾರವನ್ನು ಆಕೆ ಎಂದಿಗೂ ತಿಳಿಯಳು, ತಿಳಿಯಬೇಕಾದುದೂ ಇಲ್ಲ.

ಹಾಗೆಂದು ಡಾಬ್ಕೊವೇ ಎಲ್ಲಕ್ಕೂ ಮದ್ದೆಂದು ತೀರ್ಮಾನಿಸಿದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುವುದು. ಅದೇ ಕೋಣೆಯಲ್ಲಿ ಇನ್ನೊಬ್ಬನು ಇಲಿಯ ಮಿದುಳಿನ ಐವತ್ತು ಮೈಕ್ರಾನ್ ದಪ್ಪದ ಚೂರನ್ನು ತಂದರೆ ಲೆಕ್ಕವೆಲ್ಲ ಬದಲಾಗುವುದು. ನೀರಿನ ವಕ್ರೀಭವನಾಂಕ ೧.೩೩, ಗ್ಲಿಸರಿನ್ನಿನದು ೧.೪೭, ಗಾಜಿನದೂ ಮಸೂರಕ್ಕೆ ಹಚ್ಚುವ ಎಣ್ಣೆಯದೂ ೧.೫೨ರ ಆಸುಪಾಸು. ಕೊಳದ ನೀರಿನಲ್ಲಿ ನೆಟ್ಟ ಕೋಲು ಮುರಿದಂತೆ ಕಾಣುವುದಕ್ಕೆ ಯಾವುದು ಕಾರಣವೋ, ಅದೇ ಕಾರಣದಿಂದ ಹತ್ತಾರು ಮೈಕ್ರಾನ್ ಆಳಕ್ಕೆ ಹೋದಂತೆಲ್ಲ ಚಿತ್ರವು ಮಸುಕಾಗುವುದು, ಬಿಂದುವು ಗೆರೆಯಾಗುವುದು. ಅಲ್ಲಿ ಗಾಜಿಗೆ ಸಮೀಪವಾದ ಮಾಧ್ಯಮವೇ ಬೇಕು. ಪ್ರೊಲಾಂಗ್ ಗ್ಲಾಸ್ ಎಂಬ ಮಾಧ್ಯಮವು ಗಟ್ಟಿಯಾದ ಮೇಲೆ ೧.೫೨ರ ಮಟ್ಟವನ್ನು ಮುಟ್ಟುವುದು. ೨೦೦೭ರಲ್ಲಿ ಜರ್ಮನಿಯ ಗಟ್ಟಿಂಗನ್ ನಗರದಲ್ಲಿ ಸ್ಟೆಫಾನ್ ಹೆಲ್ ಮತ್ತು ಅವನ ಸಂಗಡಿಗರು ಥಯೋಡೈಎಥನಾಲ್ ಎಂಬ ದ್ರವವನ್ನು ಇದಕ್ಕಾಗಿ ತೋರಿಸಿಕೊಟ್ಟರು. ನೀರಿನೊಡನೆ ಯಾವ ಪ್ರಮಾಣದಲ್ಲಿ ಬೇಕಾದರೂ ಬೆರೆತು ನೀರಿನ ಅಂಕದಿಂದ ಗಾಜಿನ ಅಂಕದವರೆಗೆ ಬೇಕಾದಲ್ಲಿ ನಿಲ್ಲುವುದು ಅದರ ಗುಣ. ಆದರೆ ಕೆಲವು ಬಣ್ಣಗಳ ಹೊಳಪನ್ನು ಅದು ಕುಗ್ಗಿಸುವುದು. ಗಟ್ಟಿಯಾಗುವ ಮಾಧ್ಯಮಗಳೂ ಒಣಗುವಾಗ ಮಾದರಿಯನ್ನು ಅದುಮಿ ಚಪ್ಪಟೆಯಾಗಿಸಬಹುದು. ಕೋಶದ ಎತ್ತರವನ್ನು ಅಳೆಯಬೇಕಾದವನಿಗೆ ಅದು ಸಣ್ಣ ನಷ್ಟವಲ್ಲ. ತಿಂಗಳುಗಟ್ಟಲೆ ಇಡಬೇಕಾದವನಿಗೆ ಗಟ್ಟಿಯಾದುದೇ ಲೇಸು. ಉಬ್ಬುತಗ್ಗುಗಳು ಇದ್ದಂತೆಯೇ ಬೇಕಾದವನಿಗೆ ಗ್ಲಿಸರಿನ್ನೇ ಲೇಸು.

ಬಣ್ಣದ ಸ್ವಭಾವವನ್ನೂ ಕೇಳಬೇಕು. ಸಮುದ್ರದ ಲೋಳೆಮೀನಿನಿಂದ ಬಂದ ಹಸುರು ಪ್ರೋಟೀನನ್ನು ಕಂಡುಹಿಡಿದು ಬಳಕೆಗೆ ತಂದುದಕ್ಕಾಗಿ ಒಸಾಮು ಶಿಮೊಮುರ, ಮಾರ್ಟಿನ್ ಚಾಲ್ಫಿ, ರೋಜರ್ ಚಿಯನ್ ಎಂಬ ಮೂವರಿಗೆ ೨೦೦೮ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಈ ಪ್ರೋಟೀನು ಕೋಶವೇ ತನ್ನೊಳಗೆ ಹುಟ್ಟಿಸಿಕೊಳ್ಳುವ ದೀಪ. ಅದರ ಬೆಳಕು ಅದರ ಮಡಿಕೆಗಳು ಕೆಡದೆ ಇರುವುದನ್ನು ಅವಲಂಬಿಸಿದೆ. ಹುಳಿಯೂ ಮದ್ಯಸಾರವೂ ಅದಕ್ಕೆ ಆಗದು. ಉಗುರುಬಣ್ಣದ ಆವಿ ಸೋಂಕಿದರೂ ಮಂಕಾಗಬಲ್ಲದು. ಅದಕ್ಕೆ ವ್ಯಾಸಲೀನ್, ಉಣ್ಣೆಯ ಕೊಬ್ಬು, ಪ್ಯಾರಫಿನ್ ಮೇಣ ಇವುಗಳನ್ನು ಸಮಪಾಲಾಗಿ ಕಾಯಿಸಿದ ಅಂಟಿನಿಂದ ಅಂಚನ್ನು ಮುಚ್ಚುವುದು ಹಿತ. ಜೀವಂತವಾದ ಕೋಶವನ್ನು ನೋಡುವವನಿಗಂತೂ ಈ ಕಾವಲುಗಾರರು ವಿಷವೇ ಸರಿ. ಅವನು ದೀಪವನ್ನು ತಗ್ಗಿಸಿ, ಬೇಗ ನೋಡಿ, ಬೇಗ ಕಣ್ಣು ತೆಗೆಯಬೇಕು.

ಸೀಸೆಯನ್ನು ಕೊಳ್ಳುವುದೋ, ಕೈಯಲ್ಲಿ ಮಾಡಿಕೊಳ್ಳುವುದೋ ಎಂಬುದು ಇನ್ನೊಂದು ಚರ್ಚೆ. ಕೊಂಡ ಸೀಸೆಯು ಪ್ರತಿಸಲವೂ ಒಂದೇ ಸಮನಾಗಿರುವುದು, ಶ್ರಮವನ್ನು ಉಳಿಸುವುದು. ಆದರೆ ಅನೇಕ ಸೀಸೆಗಳ ಪೂರ್ಣವ್ಯಂಜನವನ್ನು ತಯಾರಕರು ಹೊರಗೆ ಹೇಳುವುದಿಲ್ಲ. ತನ್ನ ಬಣ್ಣಕ್ಕೆ ಒಳಗಿರುವುದು ಸ್ನೇಹಿತನೋ ಶತ್ರುವೋ ಎಂಬುದನ್ನು ಕೊಂಡವನು ಪ್ರಯೋಗದಿಂದಲೇ ತಿಳಿಯಬೇಕು. ಕೈಪಾಕದಲ್ಲಿ ಏನಿದೆಯೆಂಬುದು ಗೊತ್ತು. ಆದರೆ ಅಳತೆ ತಪ್ಪಿದರೆ, ಪಿಎಚ್ ನೋಡದಿದ್ದರೆ, ಹಳೆಯದಾದುದನ್ನು ಚೆಲ್ಲದಿದ್ದರೆ ದೋಷವೆಲ್ಲ ತನ್ನದೇ. ಅಜ್ಜಿಯ ಉಪ್ಪಿನಕಾಯಿಗೂ ಅಂಗಡಿಯ ಭರಣಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುವುದು. ಎರಡರಲ್ಲಿ ಯಾವುದಾದರೂ ಸರಿಯೆ, ಬಾಯಿಗೆ ಹಾಕಿಕೊಳ್ಳುವುದಕ್ಕೆ ಮುಂಚೆ ಮೂಸಿ ನೋಡತಕ್ಕದ್ದು.

ಮಾಸುವುದೆಂಬುದು ಕೇವಲ ಶಾಪವೆಂದೂ ಎಣಿಸಬಾರದು. ೧೯೭೬ರಲ್ಲಿ ಕೆಲವು ಸಂಶೋಧಕರು ಜೀವಕೋಶದ ಪೊರೆಯಲ್ಲಿ ಒಂದು ಎಡೆಯನ್ನು ಲೇಸರ್ ಬೆಳಕಿನಿಂದ ಬೇಕೆಂದೇ ಮಾಸಿಸಿ, ಆ ಕತ್ತಲೆಯ ಎಡೆಗೆ ಸುತ್ತಲಿನ ಬೆಳಗುವ ಅಣುಗಳು ಎಷ್ಟು ಬೇಗ ಹರಿದುಬರುವುವೆಂದು ನೋಡಿ, ಅಣುಗಳ ಓಡಾಟವನ್ನು ಅಳೆಯುವ ಕ್ರಮವನ್ನು ವಿವರಿಸಿದರು. ಒಬ್ಬನು ಕಳೆದುಕೊಳ್ಳಲು ಅಂಜುವುದನ್ನೇ ಇನ್ನೊಬ್ಬನು ಅಳತೆಗೋಲನ್ನಾಗಿ ಮಾಡಿಕೊಂಡನು. ಅಲ್ಲಿ ಬಣ್ಣವನ್ನು ಕಾಯುವ ಹನಿಯು ಉಪಕಾರಿಯಲ್ಲ, ಅಡ್ಡಿ.

ಇಷ್ಟನ್ನೂ ಒಟ್ಟುಗೂಡಿಸಿ ನೋಡಿದರೆ, ಮಾಧ್ಯಮದ ಆಯ್ಕೆಯೆಂಬುದು ಸೀಸೆಗಳ ಹೆಸರುಗಳಿಂದ ಆರಂಭವಾಗತಕ್ಕದ್ದಲ್ಲವೆಂದು ತೋರುವುದು. ನೋಡಬೇಕಾದುದು ಏನು, ಯಾವ ಬಣ್ಣದಿಂದ, ಎಷ್ಟು ಆಳದಲ್ಲಿ, ಎಷ್ಟು ದಿನಗಳವರೆಗೆ ಎಂದು ಮೊದಲು ಕೇಳಿಕೊಳ್ಳಬೇಕು. ಅನಂತರ, ಇದಕ್ಕಾಗಿ ಯಾವುದನ್ನು ಬಿಟ್ಟುಕೊಡಬಹುದೆಂದು ಕೇಳಿಕೊಳ್ಳಬೇಕು. ಮೊದಲ ಹೊಳಪನ್ನು ಬಿಡಬಹುದೆ? ಕೋಶದ ಎತ್ತರವನ್ನು ಬಿಡಬಹುದೆ? ಇನ್ನೊಂದು ದಿನದ ಕಾಲವನ್ನು ಬಿಡಬಹುದೆ? ಏನನ್ನೂ ಬಿಡಲಾರೆನೆನ್ನುವವನಿಗೆ ಯಾವ ಸೀಸೆಯೂ ಇಲ್ಲ. ಉಳಿಸುವ ಕೆಲಸವೆಲ್ಲವೂ ಹೀಗೆಯೇ. ಓಲೆಗರಿಯನ್ನು ಕಾಯುವವರೂ, ಧಾನ್ಯವನ್ನು ಕಣಜದಲ್ಲಿಡುವವರೂ, ಹಾಡನ್ನು ಬರಹಕ್ಕಿಳಿಸುವವರೂ ಒಂದನ್ನು ಕೊಟ್ಟು ಇನ್ನೊಂದನ್ನು ಪಡೆದಿರುವರು. ಆ ಕೊಡುಕೊಳ್ಳುವಿಕೆಯನ್ನು ತಿಳಿದು ಮಾಡಿದವನ ಕೈಯಲ್ಲಿ ಉಳಿದ ಅಲ್ಪವೂ ನಂಬತಕ್ಕ ಸಾಕ್ಷಿಯಾಗುವುದು.

ಅದಕ್ಕಾಗಿಯೇ ಒಳ್ಳೆಯ ಪ್ರಯೋಗಶಾಲೆಗಳಲ್ಲಿ ಸ್ಲೈಡಿನ ಚೀಟಿಯ ಮೇಲೆ ಬಣ್ಣದ ಹೆಸರಿನ ಜೊತೆಗೆ ಮಾಧ್ಯಮದ ಹೆಸರನ್ನೂ, ಅದನ್ನು ಹಾಕಿದ ದಿನವನ್ನೂ ಬರೆಯುವ ಪದ್ಧತಿಯುಂಟು. ವರ್ಷದ ಮೇಲೆ ಯಾರೋ ಆ ಸ್ಲೈಡನ್ನು ಕೈಗೆತ್ತಿಕೊಂಡಾಗ ಬೆಳಕು ಮಾಸಿಹೋಗಿರಬಹುದು. ಆಗ ಆ ಕತ್ತಲೆಗೆ ರೋಗವಿಲ್ಲದಿದ್ದುದು ಕಾರಣವೋ, ಹನಿಯ ಕಾವಲು ಮುಗಿದುದು ಕಾರಣವೋ ಎಂಬುದನ್ನು ವಿಚಾರಿಸುವುದಕ್ಕೆ ಆ ಚೀಟಿಯ ಎರಡು ಸಾಲುಗಳೇ ಆಧಾರ.